ಉಳಿದದ್ದು ಮೊದಲ ಹೇಳಿಕೆ

ಎಂಬತ್ತೇಳರಲ್ಲಿ ಸೂರತ್ತಿನ ವಕೀಲ ಹಯವದನರ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಬೆನ್ನಿಗೇ ಲಿಂಗರಾಜನ ಪ್ರಕರಣವೂ ಬಂತು. ಊರಾಚೆ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಟ್ಯಾಂಕು ತೊಳೆಯಲು ಇಳಿದವನು ವಿಷಗಾಳಿ ಕುಡಿದು ಆಸ್ಪತ್ರೆ ಸೇರಿದ್ದ. ವಿಜಾಪುರದ ಕಡೆಯವನು, ಕನ್ನಡ ಬಿಟ್ಟರೆ ಬೇರೆ ಮಾತು ಅಷ್ಟಕ್ಕಷ್ಟೆ. ವಕೀಲರನ್ನು ಕಂಡರೆ ಕಾರ್ಖಾನೆಯವರು ಎಚ್ಚರಗೊಳ್ಳುತ್ತಾರೆಂದು ಹಯವದನರು ಅವನ ಹೇಳಿಕೆ ಬರೆದು ತರಲು ಟೈಪಿಸ್ಟ್ ತಾರಾಳನ್ನೇ ಕಳಿಸಿದರು. ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಧಾರವಾಡದಿಂದ ಬಂದವಳು ಅವಳು.

ಮೊದಲ ದಿನ ಮಂಚದ ಪಕ್ಕದಲ್ಲೇ ಕಾರ್ಖಾನೆಯ ಸೂಪರ್‌ವೈಸರ್ ಕೂತಿದ್ದ. "ನಾನಽ ಕಾಲು ಜಾರಿ ಬಿದ್ದೆ, ಯಾರ ತಪ್ಪೂ ಇಲ್ಲ" ಎಂದಷ್ಟೇ ಹೇಳಿದ ಲಿಂಗರಾಜ. ತಾರಾ ಕಚೇರಿಗೆ ಬಂದು ಕಂಪ್ಯೂಟರಿನಲ್ಲಿ ಅದನ್ನೇ ಟೈಪು ಮಾಡಿಟ್ಟಳು.

ಎರಡನೆಯ ಸಲ ಹೋದಾಗ ಸೂಪರ್‌ವೈಸರ್ ಬಾಗಿಲಾಚೆ ಚಹಾ ಕುಡಿಯುತ್ತಿದ್ದ. ಅವಳು ಪೆನ್ನು ತೆಗೆಯುತ್ತಲೇ ಲಿಂಗರಾಜ ಅವಳ ಕೈ ಹಿಡಿದ.

"ಬರೀಬ್ಯಾಡ್ರಿ, ಅಂವ ನೋಡ್ತಾನ. ಬರೇ ಕೇಳ್ರಿ. ಒಳಗ ಗಾಳಿ ಕೆಟ್ಟೈತಿ, ಇಳಿಯಾಕ ಒಲ್ಲೆ ಅಂದೆ. ಇಳಿ, ಇಲ್ಲಂದ್ರ ನಾಳಿಂದ ಬರಬ್ಯಾಡ ಅಂದ."

"ಟೈಪ್ ಮಾಡಿ ತಂದ್ರ ಹೆಬ್ಬೆಟ್ಟು ಒತ್ತತೀರೇನು?"

"ತರ್ರಿ. ಒತ್ತತೀನಿ."

ತಾರಾ ನೇರ ಕಚೇರಿಗೆ ಬಂದು ಅದೇ ಫೈಲು ತೆರೆದು, ಹಳೆಯ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆದಳು. ಸೇವ್ ಮಾಡುವ ಹೊತ್ತಿಗೇ ಕರೆಂಟು ಹೋಯಿತು. ಮತ್ತೆ ಬಂದಾಗ ಫೈಲಿನ ತುಂಬ ಯಾವ ಭಾಷೆಯದೂ ಅಲ್ಲದ ಗುರುತುಗಳಿದ್ದವು.

"ಗಾಬರಿ ಆಗ್ಬೇಡ ಮಾರಾಯ್ತಿ," ಎಂದರು ಹಯವದನರು. "ಹಳೆ ಫೈಲಿನ ಒಂದು ನಕಲನ್ನು ಅದು ತಾನಾಗಿಯೇ ತೆಗೆದಿಡ್ತದೆ. ಅದನ್ನು ತೆಗಿ."

ತೆಗೆದಳು. ಒಂದು ಅಕ್ಷರವೂ ಕೆಟ್ಟಿರಲಿಲ್ಲ. ನಾನೇ ಕಾಲು ಜಾರಿ ಬಿದ್ದೆ, ಯಾರ ತಪ್ಪೂ ಇಲ್ಲ.

ನೆನಪಿದ್ದಂತೆ ಮತ್ತೆ ಬರೆಯಲು ಕೂತರೆ ಕರೆಂಟು ಪುನಃ ಹೋಯಿತು. ಅದು ಬಂದದ್ದು ಬೆಳಗಾದ ಮೇಲೆ. ಬರೆದು ಮುಗಿಸಿ, ಹಾಳೆ ಅಚ್ಚಾದದ್ದೇ ತಡ ಆಸ್ಪತ್ರೆಗೆ ಓಡಿದಳು. ಲಿಂಗರಾಜನ ಮಂಚದ ಮೇಲೆ ಬೇರೊಬ್ಬ ಮಲಗಿದ್ದ. ಹೊರಗೆ ಪಡಸಾಲೆಯಲ್ಲಿ ಲಿಂಗರಾಜನ ಹೆಂಡತಿ ಸಾವಿತ್ರಿ ಅವನ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಹಯವದನರು ಹಾಳೆಯನ್ನು ಎರಡು ಸಲ ಓದಿದರು. "ಹೆಬ್ಬೆಟ್ಟಿಲ್ಲ ತಾರಾ. ಇದು ನಿನ್ನದೇ ಮಾತು ಅಂತ ಹೇಳ್ತಾರೆ."

ವಿಚಾರಣೆಯಲ್ಲಿ ಕಾರ್ಖಾನೆಯ ಕಡೆಯವರು ಹಾಗೆಯೇ ಹೇಳಿದರು. ಕಾಲು ಜಾರಿದ್ದು ಎಂದೇ ತೀರ್ಮಾನವಾಯಿತು.

ಊರಿಗೆ ಹೊರಡುವ ಮುಂಚೆ ಸಾವಿತ್ರಿ ಕಚೇರಿಗೆ ಬಂದಳು. "ಅಕ್ಕಾರ, ಕಡೀಗೆ ಅಂವ ನಿಮಗೇನಂದ?"

ತಾರಾ ಒಂದಕ್ಷರ ಬಿಡದೆ ಹೇಳಿದಳು. ಸಾವಿತ್ರಿ ನೆಲ ನೋಡುತ್ತ ಕೇಳಿಸಿಕೊಂಡಳು.

"ಕುಡದು ಬಿದ್ದ ಅಂತ ನಮ್ಮೂರಿಗೆ ಆಗಲೇ ಸುದ್ದಿ ಮುಟ್ಟೈತಿ. ಅವರಪ್ಪನೂ ಅದನ್ನಽ ನಂಬ್ಯಾನ. ನೀವು ಬಂದು ಹೇಳ್ತೀರೇನ್ರಿ?"

"ಬರ್ತೀನಿ" ಎಂದಳು ತಾರಾ. ಸಾವಿತ್ರಿ ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ. ಗಂಟು ಎತ್ತಿಕೊಂಡು ಮೆಟ್ಟಿಲಿಳಿದಳು.