ಯಾರ ಮದುವೆಯೂ ಅಲ್ಲ

ಬೇಕರಿಯ ಗಾಜಿನಾಚೆ ಮುದುಕಿಯೊಬ್ಬಳ ತುಟಿ ಅಲ್ಲಾಡುತ್ತಿದೆ, ಮಾತು ಈಚೆಗೆ ಕೇಳಿಸುವುದಿಲ್ಲ, ಕೇಳಿಸಬೇಕಾಗಿಯೂ ಇಲ್ಲ, ಯಾರ ಮದುವೆನಪ್ಪಾ ಇವತ್ತು ಅಂತಲೇ ಇರುತ್ತದೆ, ಓಬನ್ನಿನ ಈ ಬಂದರು ಬೀದಿಯಲ್ಲಿ ಮುರ್ಡೊ ಗಿಲ್ಲಿಸ್‌ನನ್ನು ಕಂಡವರೆಲ್ಲ ನಾಲ್ಕು ವರ್ಷದಿಂದ ಕೇಳುತ್ತ ಬಂದದ್ದು ಅದೊಂದನ್ನೇ, ಯಾರ ಮದುವೆಯೂ ಅಲ್ಲ ಅಜ್ಜಿ, ಸೋಮವಾರ ಇವತ್ತು, ಕೆಲಸಕ್ಕೆ ಹೊರಟಿದ್ದೇನೆ, ಮೊಳೆ ಮಾರಲು, ಬಣ್ಣದ ಡಬ್ಬಿ ಮಾರಲು — ಮದುವೆಗೆ ಹೋಗುವವನು ಮೊಣಕೈ ಸವೆದ ಸ್ವೆಟರ್ ಹಾಕುತ್ತಾನೆಯೇ, ಹಿಮ್ಮಡಿ ಬಾಯಿಬಿಟ್ಟ ಬೂಟು ಮೆಟ್ಟುತ್ತಾನೆಯೇ, ಆದರೆ ಜನ ಅದನ್ನೆಲ್ಲ ನೋಡುವುದಿಲ್ಲ, ಅವರ ಕಣ್ಣು ಈ ನಾಡಿನ ಗಂಡಸರು ಮದುವೆಗಷ್ಟೇ ಉಡುವ ನೆರಿಗೆಯ ಲಂಗದ, ಕಿಲ್ಟಿನ, ಮೇಲೆ ಬಿದ್ದರೆ ಅಲ್ಲೇ ನಿಂತುಬಿಡುತ್ತದೆ. ಗಾಳಿ ಸಮುದ್ರದ ಕಡೆಯಿಂದ, ಬೆನ್ನ ಹಿಂದೆ ನೆರಿಗೆಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತವೆ, ಎಂಟು ಗಜ ಉಣ್ಣೆ, ಸುಲಭಕ್ಕೆ ಹಾರುವ ಬಟ್ಟೆಯಲ್ಲ ಇದು, ಸೋದರಮಾವನದು, ಅವನು ಹೆರಿಂಗ್ ಮೀನಿನ ದೋಣಿಯವನು, ಬದುಕಿನಲ್ಲಿ ಎರಡೇ ಸಲ ಉಟ್ಟ, ಮಿಕ್ಕ ದಿನವೆಲ್ಲ ಪೆಟ್ಟಿಗೆಯಲ್ಲಿ ಕರ್ಪೂರದ ವಾಸನೆ ಹೀರುತ್ತ ಬಿದ್ದಿತ್ತು ಪಾಪ. ತಂಗಿಯ ಮದುವೆಗೆಂದು ಮುರ್ಡೊ ಅದನ್ನು ಹೊರತೆಗೆದ, ಉಟ್ಟ, ಕುಣಿದ, ಮಾರನೆಯ ಬೆಳಿಗ್ಗೆ ಕುರ್ಚಿಯ ಮೇಲೆ ಪ್ಯಾಂಟು ತನ್ನೆರಡು ಖಾಲಿ ಕಾಲುಗಳನ್ನು ಇಳಿಬಿಟ್ಟುಕೊಂಡು ಕಾಯುತ್ತಿತ್ತು, ಅವನಿಗೆ ಬೇಡವೆನಿಸಿತು, ಅಷ್ಟೇ, ಬೇರೆ ಕಾರಣವಿಲ್ಲ, ಕಾರಣ ಹೇಳು ಹೇಳು ಎಂದು ಪೀಡಿಸುವವರಿಗೆ ಏನೆಂದು ಹೇಳುವುದು, ನೀವು ಪ್ಯಾಂಟು ಯಾಕೆ ಹಾಕುತ್ತೀರಿ ಹೇಳಿ ನೋಡೋಣ.

ಹೆಂಡತಿ ರೋನಾ ಮೊದಲ ವಾರ ನಕ್ಕಳು, ಎರಡನೆಯ ವಾರ ಸಾಕು ಮಾಡು ಮಾರಾಯ ನಿನ್ನ ನಾಟಕ ಎಂದಳು, ಮೂರನೆಯ ವಾರ ಬಿಚ್ಚಿಕೊಂಡ ನೆರಿಗೆಯೊಂದನ್ನು ತಾನಾಗಿಯೇ ಹೊಲಿದುಕೊಟ್ಟಳು. ಪಬ್ಬಿನ ಗೆಳೆಯರು ಏನೋ ಮುರ್ಡೊ, ದೇಶಭಕ್ತಿ ತಲೆಗೇರಿದ್ಯಾ ಎಂದರು, ಚರ್ಚಿನ ಪಾದ್ರಿ ಚೆನ್ನಾಗಿದೆಯಪ್ಪಾ, ಆದ್ರೆ ದಿನಾ ಅಂದ್ರೆ ಎಂದು ರಾಗ ಎಳೆದರು, ಪ್ರವಾಸಿಗಳು ಹೇಳದೆ ಕೇಳದೆ ಫೋಟೊ ತೆಗೆದರು, ಒಬ್ಬಾತ ತನ್ನ ನಾಯಿಯನ್ನು ಎತ್ತಿಕೊಂಡು ನಿಲ್ಲು ಎಂದ, ಇವನು ನಿಂತ, ನಾಯಿಗೆ ಇವನ ಮೇಲೆ ಯಾವ ತಕರಾರೂ ಇರಲಿಲ್ಲ. ಕಿಲ್ಟಿನ ಕೆಳಗೇನಿದೆ, ಕೆಳಗೇನಿದೆ, ಎಲ್ಲರಿಗೂ ಇದೊಂದು ಕಾತರ, ಕಾಲುಚೀಲ ಮತ್ತು ಬೂಟು ಎಂದು ಇವನೂ ಮುಗುಳ್ನಕ್ಕು ಹೇಳುತ್ತಿದ್ದ, ಅಂಗಡಿಗೆ ಬಂದ ಗಿರಾಕಿ ನಕ್ಕುಕೊಂಡು ಹೋದರೆ ಒಳ್ಳೆಯದೇ ತಾನೇ — ಹಾಗಾದರೆ ಸದರ ಕೊಟ್ಟವನು ನಾನೇ ಅನ್ನಿ, ಇಲ್ಲ, ಅಲ್ಲ, ಬಾಯಿ ಮಾತು ಬೇರೆ, ಕೈ ಬೇರೆ.

ಕೈ. ಶನಿವಾರ ಮಧ್ಯಾಹ್ನ ಅವನು ಏಣಿಯ ಐದನೆಯ ಮೆಟ್ಟಿಲ ಮೇಲಿದ್ದ, ಒಬ್ಬರಿಗೆ ಬಿಳಿ ಬಣ್ಣ ಬೇಕಿತ್ತು, ಅದಿರುವುದು ಮೇಲಿನ ಸಾಲಿನಲ್ಲಿ, ಆಗ ಒಳಬಂದರು ಆರೇಳು ಹೆಂಗಸರು, ಮದುಮಗಳನ್ನು ಕಟ್ಟಿಕೊಂಡು ಮದುವೆಗೆ ಮುಂಚಿನ ಮೋಜಿಗೆ ಊರು ಸುತ್ತಲು ಬಂದವರು, ಎದೆಯ ಮೇಲೆ ಗುಲಾಬಿ ಪಟ್ಟಿ, ಮದುಮಗಳ ತಲೆಯ ಮೇಲೆ ಪ್ಲಾಸ್ಟಿಕ್ ಕಿರೀಟ, ಬಲೂನು ಕಟ್ಟಲು ದಾರ ಬೇಕಂತೆ, ಅಯ್ಯೋ ನೋಡ್ರೇ ಇಲ್ಲಿ ಅಂತ ಒಬ್ಬಳ ದನಿ, ನಂತರ ತೊಡೆಯ ಹಿಂದೆ ಒಮ್ಮೆಲೇ ತಣ್ಣಗಾಯಿತು, ಕಿಲ್ಟಿನ ಅಂಚು ಒಬ್ಬಳ ಕೈಯಲ್ಲಿ ಬೆನ್ನಿನವರೆಗೆ ಮೇಲೆದ್ದಿತ್ತು, ಫೋನಿನ ಬೆಳಕು ಫಳ್ ಎಂದಿತು, ಅವನ ಎರಡು ಕೈಯಲ್ಲೂ ಡಬ್ಬಿ, ಕೆಳಗೆ ಎಳೆದುಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಬೇಕು. ಅಂಗಡಿ ಪೂರ್ತಿ ನಕ್ಕಿತು. ಬಣ್ಣ ಕೇಳಿದ ಗಿರಾಕಿ ನಕ್ಕ, ಗಲ್ಲಾದಲ್ಲಿ ಕೂತಿದ್ದ ಎಫಿ ನಕ್ಕಳು, ಇಪ್ಪತ್ತು ವರ್ಷ ಜೊತೆಗೆ ಚಹಾ ಕುಡಿದ ಎಫಿ. ಮುರ್ಡೊ ಇಳಿದುಬಂದ, ಡಬ್ಬಿಗಳನ್ನು ನೆಲಕ್ಕಿಟ್ಟ, ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ, ಆ ಫೋಟೊ ಅಳಿಸಿ ಎಂದ. ಫೋನು ಹಿಡಿದಿದ್ದ ಕಿರೀಟದವಳು ಅಯ್ಯೋ, ತಮಾಷೆಗೆ ಕಣ್ರೀ, ಇಷ್ಟಕ್ಕೆಲ್ಲ ಮುಖ ಊದಿಸ್ಕೊಂಡ್ರೆ ಹೇಗೆ ಎಂದಳು, ಇನ್ನೊಬ್ಬಳು ತೋರಿಸೋಕೆ ಅಂತಾನೇ ತಾನೇ ಉಡೋದು ಎಂದಳು. ಅಳಿಸಿ, ನಾನು ಇಲ್ಲಿಂದ ಕದಲೋದಿಲ್ಲ. ಎಷ್ಟು ಹೊತ್ತು ನಿಂತಿದ್ದನೋ, ನಗು ಒಂದೊಂದೇ ಬಾಯಿಂದ ಇಳಿದುಹೋಯಿತು, ಕಿರೀಟ ಓರೆಯಾಯಿತು, ಅವಳು ಅಳಿಸಿದಳು, ಅಳಿಸಿದ್ದನ್ನು ತೋರಿಸಿದಳು, ಕೆಂಪೇರಿದ ಮುಖದಲ್ಲಿ ಮೃಗ ಅಂತ ಗೊಣಗಿಕೊಂಡು ಹೊರಗೆ ಹೋದಳು, ದಾರ ಕೊಳ್ಳಲೇ ಇಲ್ಲ.

ಅಂಗಡಿಯ ಯಜಮಾನ ಗಾರ್ವಿ ಸಂಜೆ ಬಾಗಿಲು ಹಾಕುವಾಗ ಹೆಗಲ ಮೇಲೆ ಕೈಯಿಟ್ಟರು, ಸೋಮವಾರದಿಂದ ಪ್ಯಾಂಟ್ ಹಾಕ್ಕೊಂಡು ಬಾರೋ, ಯಾರಿಗೂ ರಗಳೆ ಬೇಡ, ಇಲ್ಲಾಂದ್ರೆ ಬರ್ಲೇಬೇಡ, ಮೆತ್ತಗೆ ಹೇಳಿದರು, ಒಳ್ಳೆಯ ಮನುಷ್ಯ, ರೋನಾ ಆಸ್ಪತ್ರೆಯಲ್ಲಿದ್ದಾಗ ಅವನಿಗೆ ಸಂಬಳ ಸಮೇತ ರಜೆ ಕೊಟ್ಟವರು, ಒಳ್ಳೆಯವರು ಹೇಳಿದ್ದಕ್ಕೆ ಎದುರಾಡುವುದು ಕೆಟ್ಟವರಿಗೆ ಎದುರಾಡಿದಷ್ಟು ಹಗುರವಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲ ಹೇಳಿದ. ರೋನಾ ಚಮಚ ಕೆಳಗಿಟ್ಟಳು. ಮಗಳು ಮಾರ್ಸಲಿ, ಹದಿನಾಲ್ಕು ತುಂಬಿದ ಮೇಲೆ ಮಾತನ್ನು ಅಳೆದು ಆಡುವವಳು, ಫೋಟೊ ಅಳಿಸಿದ್ಳಾ ಎಂದು ಮಾತ್ರ ಕೇಳಿದಳು, ಅಳಿಸಿದ್ಳು, ಹೌದಾ, ಒಳ್ಳೇದಾಯ್ತು, ತಟ್ಟೆ ಎತ್ತಿಕೊಂಡು ಹೋದಳು. ಇವತ್ತು ಬೆಳಿಗ್ಗೆ ಕೋಣೆಯ ಬಾಗಿಲಿಗೆ ಕಪ್ಪು ಪ್ಯಾಂಟು ತೂಗುತ್ತಿತ್ತು, ಗೆರೆ ಬೀಳುವಂತೆ ಇಸ್ತ್ರಿ ಮಾಡಿದ್ದು, ರೋನಾ ಒಲೆಯ ಕಡೆ ಮುಖ ಮಾಡಿಕೊಂಡೇ ನಾನು ಏನೂ ಹೇಳಲ್ಲ, ಕೆಲಸ ಹೋದ್ರೂ ಹೇಳಲ್ಲ, ಇಸ್ತ್ರಿ ಮಾಡಿಟ್ಟಿದ್ದೀನಿ, ಆಮೇಲೆ ನಿನ್ನಿಷ್ಟ ಎಂದಳು. ಅವನು ಕಿಲ್ಟಿನ ಬಕಲ್ ಬಿಗಿದ, ಎಂದಿಗಿಂತ ಒಂದು ತೂತು ಮುಂದಕ್ಕೆ, ಉಸಿರಿಗೆ ಕಷ್ಟವಾಗುವಷ್ಟು.

ಗಾರ್ವಿ ಬಾಗಿಲಲ್ಲೇ ನಿಂತಿದ್ದಾರೆ, ದೂರದಿಂದಲೇ ಕಂಡಿರಬೇಕು, ಮುಲ್ ದ್ವೀಪದ ಹಡಗು ಹೊರಡುವ ಕೂಗು ಹಾಕುತ್ತಿದೆ, ಅದು ಮುಗಿದ ಮೇಲೆ ಗಾರ್ವಿಯ ಪ್ರಶ್ನೆ, ಪ್ಯಾಂಟ್ ಎಲ್ಲೋ, ಮನೇಲಿದೆ, ನಾನು ಶನಿವಾರ ಏನು ಹೇಳಿದ್ದೆ, ನೆನಪಿದೆ, ನೆನಪಿದ್ದೂ ಹೀಗೆ ಬಂದ್ಯಾ, ಹೀಗೇ ಬಂದೆ. ನಾಲಿಗೆ ತೊದಲುವುದಿಲ್ಲ, ಆಶ್ಚರ್ಯ, ಗಾರ್ವಿಯವ್ರೇ, ಎತ್ತಿದ್ದು ಅವಳ ಕೈ, ಕೈಗೆ ಏನು ಹಾಕ್ಬೇಕು ಅಂತ ಹೇಳಿ, ನನ್ನ ಕಾಲಿಗೆ ಏನು ಹಾಕ್ಬೇಕು ಅಂತಲ್ಲ. ನಿನ್ ಒಳ್ಳೇದಕ್ಕೇ ಹೇಳ್ದೆ ಕಣೋ ಮುರ್ಡೊ. ಗೊತ್ತು, ಅದಕ್ಕೇ ಇಷ್ಟು ಮರ್ಯಾದೆಯಿಂದ ಮಾತಾಡ್ತಿದ್ದೀನಿ, ಕೆಲಸದಿಂದ ತೆಗೀಬೇಕು ಅಂದ್ರೆ ತೆಗೀರಿ, ಆದ್ರೆ ಯಾಕೆ ತೆಗೆದ್ರಿ ಅಂತ ಕಾಗದದ ಮೇಲೆ ಬರ್ಕೊಡಿ, ಒಬ್ಬಳು ಇವನ ಬಟ್ಟೆ ಎತ್ತಿದ್ಳು, ಅದಕ್ಕೆ ಇವನನ್ನ ಕಳಿಸ್ದೆ ಅಂತ ನಿಮ್ಮ ಕೈಯಾರೆ ಬರ್ಕೊಡಿ. ಗಾರ್ವಿ ಕನ್ನಡಕ ತೆಗೆದರು, ಸ್ವೆಟರಿನ ಅಂಚಿಗೆ ಒರೆಸಿದರು, ಹಾಕಿಕೊಂಡರು, ಥೂ, ಮೊಂಡ, ನಿನ್ ಮಗಳಿಗೆ ಹೀಗಾಗಿದ್ರೆ ನೀನೂ ನಾನು ಹೇಳಿದ್ದನ್ನೇ ಹೇಳ್ತಿದ್ದೆ ತಿಳ್ಕೋ, ಹೋಗು ಒಳಗೆ, ಬಿಳಿ ಬಣ್ಣ ಕೇಳಿದೋನು ಮತ್ತೆ ಬಂದಿದ್ದಾನೆ, ಇಳಿಸ್ಕೊಡು.

ಗೆದ್ದ. ಗೆದ್ದೆ ಎಂದು ಕೂಗಬೇಕು, ಸಮುದ್ರಕ್ಕೆ ಕೇಳುವಂತೆ, ಬೇಕರಿಯ ಮುದುಕಿಗೆ ಕೇಳುವಂತೆ, ಕಾಲು ಏಣಿಯ ಮೊದಲ ಮೆಟ್ಟಿಲ ಮೇಲಿದೆ, ಎಫಿ ಗಲ್ಲಾ ಬಿಟ್ಟು ಬಂದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಮುಖ ಅತ್ತ ತಿರುಗಿಸಿಕೊಂಡಿದ್ದಾಳೆ, ಶನಿವಾರ ನಕ್ಕುಬಿಟ್ಟೆ ಕಣೋ, ಯಾಕೆ ನಕ್ಕೆ ಅಂತ ನಂಗೇ ಗೊತ್ತಿಲ್ಲ, ಇರ್ಲಿ ಬಿಡು ಎಫಿ, ಎರಡನೆಯ ಮೆಟ್ಟಿಲು, ಮೂರನೆಯದು, ನಿನ್ ಮಗಳಿಗೆ ಹೀಗಾಗಿದ್ರೆ, ಗಾರ್ವಿ ಸುಮ್ಮನೆ ಆಡಿದ ಮಾತು, ಗಾರ್ವಿಗೆ ಏನು ಗೊತ್ತು, ನಾಲ್ಕನೆಯದು, ಆಗಿತ್ತಲ್ಲ. ಹೋದ ಚಳಿಗಾಲ. ಶಾಲೆಯ ಮೆಟ್ಟಿಲಿನ ಮೇಲೆ ಹಿಂದಿನಿಂದ ಯಾವನೋ ಅಡಿಕೋಲಿನಿಂದ ಮಾರ್ಸಲಿಯ ಸ್ಕರ್ಟ್ ಎತ್ತಿದ್ದ, ಕೆಳಗಿದ್ದವರೆಲ್ಲ ನಕ್ಕಿದ್ದರು, ಅವಳು ಊಟಕ್ಕೆ ಕೂತಾಗ ಅದನ್ನು ಹೇಳಿದಳು, ಪೂರ್ತಿ ಹೇಳಿರಲಿಲ್ಲ, ಅರ್ಧಕ್ಕೇ ಅವನು ಬಾಯಿ ಹಾಕಿದ, ಆಲೂಗಡ್ಡೆ ಹಿಸುಕುತ್ತ, ತಲೆಯೆತ್ತದೆ, ನಾಳೆಯಿಂದ ಪ್ಯಾಂಟ್ ಹಾಕ್ಕೊಂಡು ಹೋಗು ಪುಟ್ಟಿ, ರಗಳೆ ಬೇಡ, ಅವಳ ಒಳ್ಳೆಯದಕ್ಕೇ, ಮೆತ್ತಗೇ ಹೇಳಿದ್ದ — ಮಾರನೆಯ ದಿನದಿಂದ ಅವಳು ಪ್ಯಾಂಟೇ ಹಾಕುತ್ತಾಳೆ, ಇವತ್ತೂ ಅದನ್ನೇ ಹಾಕಿಕೊಂಡು ಬಸ್ಸಿಗೆ ಓಡಿದಳು — ಅವನು ಹಾಗೆಂದಾಗ ಅವಳು ಜಗಳವಾಡಲಿಲ್ಲ, ಅಳಲಿಲ್ಲ, ಮೇಜಿನ ಕೆಳಗೆ ಬಗ್ಗಿ ಅಪ್ಪನ ಬರಿಯ ಮೊಣಕಾಲನ್ನು ನೋಡಿದಳು. ಐದನೆಯ ಮೆಟ್ಟಿಲು. ಕೈ ಡಬ್ಬಿಯ ಮೇಲಿದೆ, ಸಂಜೆ ಮನೆಗೆ ಹೋಗಿ ಅವಳಿಗೆ ಏನಾದರೂ ಹೇಳಬೇಕು, ಪುಟ್ಟಿ ನಾನು ಅವತ್ತು, ಪುಟ್ಟಿ ಆ ಹುಡುಗನ ಕೈಗೆ, ಮಾತು ಅಲ್ಲಿಂದ ಮುಂದೆ ಹೋಗುವುದಿಲ್ಲ, ಕೆಳಗಿನಿಂದ ಎಫಿ ಸಿಕ್ತೇನೋ ಅನ್ನುತ್ತಾಳೆ, ಗಿರಾಕಿ ಕೆಮ್ಮುತ್ತಾನೆ, ಮಗಳು ಬಗ್ಗಿ ನೋಡಿದಳು, ಅಪ್ಪನ ಬರಿಯ ಮೊಣಕಾಲನ್ನು, ಬಗ್ಗಿ ನೋಡಿದಳು