ತುಟಿಯಲ್ಲೇ ಆಡಿದ ಮಾತು

ಮಿಯೆನ್ ಬಿಳಿ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು, ಒಂದೇ ಎಳೆತಕ್ಕೆ ಸರ್ರನೆ ಸೀಳಿದಳು. ಒಂದೆಳೆಯೂ ಓರೆಯಾಗದೆ ಪಟ್ಟಿ ಬಂತು. ಸತ್ತವಳ ಮನೆಯವರು ತಲೆಗೆ ಕಟ್ಟಿಕೊಳ್ಳಲು ಇಂಥವು ಇನ್ನೂ ಹನ್ನೆರಡು ಬೇಕಿದ್ದವು.

"ಇದೂ ಒಂದು ಬಟ್ಟೆನಾ?" ಎದುರಿಗೆ ಕೂತ ದಾವ್ ಪಟ್ಟಿಯನ್ನು ಬೆಳಕಿಗೆ ಹಿಡಿದಳು. "ಸೊಳ್ಳೆ ಪರದೆ ಥರ ಇದೆ ಕಣೇ. ಲುವಾ ಇದ್ದಿದ್ರೆ ಅಂಗಡಿಯವನ ಮುಖದ ಮೇಲೆ ಎಸೆದು ಬರ್ತಿದ್ಳು."

"ಮೆಲ್ಲಗೆ ಮಾತಾಡೇ. ಸಾವಿನ ಮನೆ."

"ಮೆಲ್ಲಗೇ ಮಾತಾಡ್ತಿದೀನಲ್ಲ!" ಎಂದು ದಾವ್ ಕಿರುಚಿದಳು. ಬಾಗಿಲ ಹತ್ತಿರ ಚಹಾ ಕುಡಿಯುತ್ತಿದ್ದ ನಾಲ್ಕು ಜನ ತಿರುಗಿ ನೋಡಿದರು.

ಅವಳ ತಪ್ಪಲ್ಲ. ನಾಮ್ ದಿನ್ ಊರಿನ ಬಟ್ಟೆ ಮಿಲ್ಲಿನಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರಿಗೆ ಮೆಲ್ಲಗೆ ಅಂದರೆ ಎಷ್ಟು ಅನ್ನುವ ಅಂದಾಜೇ ಉಳಿದಿರುವುದಿಲ್ಲ. ಒಂದೇ ಪಾಳಿಯ ಒಂಬತ್ತು ಹೆಂಗಸರು ಅವರು. ಎಂಟು ಜನ ಚಾಪೆಯ ಮೇಲೆ ಕೂತು ಬಟ್ಟೆ ಹರಿಯುತ್ತಿದ್ದರು. ಒಂಬತ್ತನೆಯವಳು, ಲುವಾ, ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದಳು. ಪೆಟ್ಟಿಗೆಯ ಮೇಲೆ ಬಟ್ಟಲು ತುಂಬ ಅನ್ನ, ಅನ್ನದ ನೆತ್ತಿಯಲ್ಲೊಂದು ಬೇಯಿಸಿದ ಮೊಟ್ಟೆ, ನೆಟ್ಟಗೆ ಚುಚ್ಚಿದ ಎರಡು ಊಟದ ಕಡ್ಡಿ. ಅಂಗಳದಲ್ಲಿ ತುತ್ತೂರಿ, ಡೋಲಿನವರು ಮೈಕಿಗೆ ಬಾಯಿಟ್ಟು ಬೀದಿಯ ಕೊನೆಯವರೆಗೂ ಅಳುತ್ತಿದ್ದರು.

ಲುವಾಳ ಮಗ ಕ್ವಾಂಗ್ ಬಂದು ಮಿಯೆನ್ ಎದುರು ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿದ. ಶಾಲೆಯಲ್ಲಿ ಗಣಿತದ ಮೇಷ್ಟ್ರು, ಕೂದಲು ಅರ್ಧ ನರೆತಿದೆ. ಮಿಯೆನ್ ಅವನ ತಲೆಗೆ ಪಟ್ಟಿ ಸುತ್ತಿ ಹಿಂದೆ ಗಂಟು ಹಾಕುತ್ತಿದ್ದಳು.

"ದೊಡ್ಡಮ್ಮ, ಗುರುವಾರದ ಬಸ್ಸು..."

ಅವಳ ಕೈ ನಿಂತಿತು.

"ಬೇಡ ಅಂತ ಫೋನ್ ಮಾಡಿಬಿಡ್ಲಾ? ಗುರುವಾರ ಮೂರನೇ ದಿನದ ಪೂಜೆ. ಗೋರಿ ಹತ್ರ ನೀವ್ಯಾರೂ ಇಲ್ಲದೆ ನಾನೊಬ್ನೇ ಹೇಗೆ ನಿಲ್ಲಲಿ? ಜನಾನೂ ಸುಮ್ನಿರಲ್ಲ. ಲುವಾನ್ನ ಮಣ್ಣು ಮಾಡಿ ಎರಡು ದಿನ ಆಗಿಲ್ಲ, ಅವಳ ಗೆಳತಿಯರು ಕೆಂಪು ಶಾಲು ಹಾರಿಸ್ಕೊಂಡು ಹೂವಿನ ಮಧ್ಯೆ ಫೋಟೋ ಹೊಡೆಸ್ಕೋತಿದಾರೆ ಅಂತಾರೆ."

"ಬಸ್ಸು ನಿಲ್ಲಿಸಬೇಡಿ ಅಂತ ನಿಮ್ಮಮ್ಮನೇ ಹೇಳಿದ್ಳು ಕಣಪ್ಪ."

"ಯಾವಾಗ?"

"ಭಾನುವಾರ. ಆಸ್ಪತ್ರೇಲಿ."

ಕ್ವಾಂಗ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ದೊಡ್ಡಮ್ಮ, ಭಾನುವಾರ ಇಡೀ ದಿನ ನಾನು ಮಂಚದ ಪಕ್ಕದಲ್ಲೇ ಇದ್ದೆ. ಅಮ್ಮನ ಬಾಯಿಂದ ಒಂದು ಸ್ವರ ಹೊರಡಲಿಲ್ಲ." ಎದ್ದು ನಿಂತ. "ಸ್ಮಶಾನದಿಂದ ಬಂದ ಮೇಲೆ ಹೇಳಿ. ಬಸ್ಸಿನವನು ಸಂಜೆಯೊಳಗೆ ತಿಳಿಸಿ ಅಂದಿದಾನೆ."

ಅವನು ಹೋದ. ಮಿಯೆನ್ ಇನ್ನೊಂದು ಪಟ್ಟಿ ಸೀಳಿದಳು. ಈ ಸಲ ಓರೆಯಾಗಿ ಬಂತು.

*

ಮಿಲ್ಲಿನಲ್ಲಿ ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಎಲ್ಲರೂ ತುಟಿಯಲ್ಲಿ ಮಾತಾಡುತ್ತಿದ್ದರು. ಸ್ವರವಿಲ್ಲ, ತುಟಿ ಮಾತ್ರ. ಹತ್ತು ಮಗ್ಗ ಆಚೆಯಿಂದ ಅತ್ತೆಯನ್ನು ಬೈಯಬಹುದು, ಮೇಲ್ವಿಚಾರಕನ ಎದುರಿಗೇ ಅವನ ಬೊಜ್ಜಿನ ಬಗ್ಗೆ ಜೋಕ್ ಹೊಡೆಯಬಹುದು. ಲುವಾ ತುಟಿಯಲ್ಲೇ ಹಾಡು ಕೂಡ ಹೇಳುತ್ತಿದ್ದಳು. ಅಪಸ್ವರ ಅಂತ ದಾವ್ ದೂರದಿಂದಲೇ ಮೂಗು ಮುರಿಯುತ್ತಿದ್ದಳು.

ಲುವಾಳ ಮಗ್ಗದ ಕಂಬಕ್ಕೆ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿತ್ತು. ಉತ್ತರದ ದೋಂಗ್ ವಾನ್ ಬೆಟ್ಟಗಳು. ಕರಿ ಬಂಡೆಗಳ ನಡುವೆ ಗುಲಾಬಿ ಬಣ್ಣದ ಹೊಗೆ ಕೂತಂತೆ ಹೂವು. ಮುಮ್ಮೂಲೆ ಕಾಳಿನ ಹೂವು ಅದು, ಬೆಟ್ಟದವರು ಕಾಳಿಗಾಗಿ ಬಿತ್ತುವುದು, ಚಳಿಗೆ ಮುಂಚೆ ಒಂದು ತಿಂಗಳು ಮಾತ್ರ ಇರುತ್ತದೆ.

"ರಿಟೈರ್ ಆದ ವರ್ಷಾನೇ ಹೋಗೋಣ" ಎಂದಿತ್ತು ಅವಳ ತುಟಿ.

ರಿಟೈರ್ ಆದ ವರ್ಷ ಒಬ್ಬಳ ಸೊಸೆ ಹೆತ್ತಳು. ಮರುವರ್ಷ ಯಾರದೋ ಗಂಡ ಬಿದ್ದ. ಒಂದು ವರ್ಷ ಬೆಟ್ಟದ ರಸ್ತೆ ಕುಸಿಯಿತು, ಎರಡು ವರ್ಷ ರೋಗದ ಕಾಲ. ಹದಿನಾಲ್ಕು ವರ್ಷ ಲುವಾ ಪ್ರತಿ ಸಲ ಹೊಸದಾಗಿ ಯೋಜನೆ ಹಾಕಿದಳು. ಯಾರ ಪಕ್ಕ ಯಾರು ಕೂರಬೇಕು, ಗೊರಕೆಯವರು ಯಾವ ಕೋಣೆಗೆ, ಮಂಡಿನೋವಿನ ಎಣ್ಣೆ ಎಷ್ಟು ಬಾಟಲಿ. ಬೆಟ್ಟ ಹತ್ತಲು ಅಭ್ಯಾಸ ಬೇಕೆಂದು ಎಲ್ಲರನ್ನೂ ಪಗೋಡದ ಮೆಟ್ಟಿಲು ಹತ್ತಿಸಿದಳು. ಒಂದೇ ಥಾನಿನಲ್ಲಿ ಒಂಬತ್ತು ಕೆಂಪು ಶಾಲು ಹೊಲಿಸಿದಳು. ಕೊನೆಗೂ ಈ ಗುರುವಾರಕ್ಕೆ ಬಸ್ಸು ಗೊತ್ತು ಮಾಡಿದ್ದಳು. ಒಂದು ವಿಷಯ ಮಾತ್ರ ಚರ್ಚೆಗೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಮೊದಲ ಸಾಲಿನ ಕಿಟಕಿ ಲುವಾಳದು. ದಾವ್ ಪ್ರತಿ ವರ್ಷ ಕೇಳುತ್ತಿದ್ದಳು, ಪ್ರತಿ ವರ್ಷ ಬೈಸಿಕೊಳ್ಳುತ್ತಿದ್ದಳು.

ಹಾಗೆ ನೋಡಿದರೆ ಇವರು ಒಟ್ಟಿಗೆ ಪ್ರಯಾಣ ಹೋದದ್ದು ಒಂದೇ ಸಲ. ಹರೆಯದಲ್ಲಿ, ಮಿಲ್ಲಿನ ಲಾರಿಯಲ್ಲಿ, ಸಮುದ್ರ ನೋಡಲು. ಹೊಳೆ ದಾಟುವಾಗ ಲುವಾಳ ಹೊಸ ಎಲೆ ಟೋಪಿ ಗಾಳಿಗೆ ಹಾರಿ ನೀರಿಗೆ ಬಿತ್ತು. ಆ ಟೋಪಿಯ ಕತೆಯನ್ನು ಅವಳು ಹೇಳಿದ್ದಕ್ಕೆ ಲೆಕ್ಕವಿಲ್ಲ. "ಎಂಥಾ ಗಾಳಿ ಅಂತೀಯ!" ಎಂದು ಕೈ ಎತ್ತಿ ತೋರಿಸುತ್ತಿದ್ದಳು. ಆಗೆಲ್ಲ ದಾವ್ ಎದ್ದು ಚಹಾ ತರಲು ಹೋಗುತ್ತಿದ್ದಳು.

*

ಭಾನುವಾರ ಆಸ್ಪತ್ರೆಯಲ್ಲಿ ಒಳಗೆ ಒಬ್ಬರಿಗೆ ಮಾತ್ರ ಬಿಡುತ್ತಿದ್ದರು. ಮಂಚದ ಪಕ್ಕ ಕ್ವಾಂಗ್ ಇದ್ದ. ಮಿಯೆನ್ ಗಾಜಿನ ಬಾಗಿಲಿಗೆ ಹಣೆ ಒತ್ತಿ ಹೊರಗೆ ನಿಂತಿದ್ದಳು. ನರ್ಸ್ ಬಂದು ಲುವಾಳ ಮುಖದ ಮೇಲಿನ ಗಾಳಿಯ ಮುಖವಾಡ ತೆಗೆದು ಬಾಯಿ ಒರೆಸಿದಳು. ಲುವಾ ಕಣ್ಣು ಬಿಟ್ಟಳು, ಗಾಜಿನಾಚೆ ಮಿಯೆನ್‌ಳನ್ನು ಕಂಡಳು. ತುಟಿ ಅಲುಗಿತು.

*ಬಸ್ಸು ನಿಲ್ಲಿಸಬೇಡ.*

ಮಿಯೆನ್ ತಲೆ ಆಡಿಸಿದಳು.

*ಕಿಟಕಿ ದಾವ್‌ಗೆ ಕೊಡು. ಇಲ್ಲಾಂದ್ರೆ ಇನ್ನೊಂದು ಟೋಪಿ ಹೋಗುತ್ತೆ.*

ಕ್ವಾಂಗ್ ತಾಯಿಯ ತುಟಿ ನೋಡಿ ಬುದ್ಧನ ಹೆಸರು ಹೇಳುತ್ತಿದ್ದಾಳೆಂದುಕೊಂಡು ತಾನೂ ಕೈ ಮುಗಿದ. ನರ್ಸ್ ಮುಖವಾಡವನ್ನು ಮತ್ತೆ ಹಾಕಿದಳು.

ಟೋಪಿ? ಗಾಳಿಗೆ ಹಾರಿದ ಟೋಪಿಗೂ ದಾವ್‌ಗೂ ಏನು ಸಂಬಂಧ? ಅಲ್ಲಿಂದಲೇ ಮಿಯೆನ್‌ಗೆ ಅನುಮಾನ ಶುರುವಾದದ್ದು. ಅವಳ ಎಡಗಣ್ಣಿಗೆ ಪೊರೆ ಬಂದಿದೆ. ಗಾಜಿನ ಮೇಲೆ ಟ್ಯೂಬ್‌ಲೈಟು ಹೊಳೆಯುತ್ತಿತ್ತು. ಕಿಟಕಿಯನ್ನು ಜೀವಮಾನದಲ್ಲಿ ಯಾರಿಗೂ ಬಿಡದವಳು ದಾವ್‌ಗೆ ಕೊಡು ಅನ್ನುವುದುಂಟೆ? ಹೂವು ನೋಡಬೇಕೆಂಬ ತನ್ನ ಆಸೆಯೇ ಗೆಳತಿಯ ತುಟಿಯ ಮೇಲೆ ಕೂತು ಮಾತಾಡಿತೇ? ಮುಂದಿನ ವರ್ಷಕ್ಕೆ ಎಂಟರಲ್ಲಿ ಎಷ್ಟು ಜನ ಇರುತ್ತಾರೋ, ಇದ್ದರೂ ಈ ಕಣ್ಣು ಇರುತ್ತದೋ ಇಲ್ಲವೋ.

*

ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ಹೊರಟಿತು. ಎಂಟು ಜನರೂ ಕಂದು ನಿಲುವಂಗಿ ತೊಟ್ಟು ಮುಂದೆ ನಿಂತರು. ಸತ್ತವಳು ದಾಟಿ ಹೋಗಬೇಕಾದ ಸೇತುವೆಯೆಂದು ಉದ್ದನೆಯ ಹಳದಿ ಬಟ್ಟೆಯೊಂದನ್ನು ತಲೆಯ ಮೇಲೆ ಎತ್ತಿ ಹಿಡಿದು, ಆ ಕಡೆ ನಾಲ್ವರು, ಈ ಕಡೆ ನಾಲ್ವರು ನಡೆಯಬೇಕು. ಬೇರೆ ಸಾವುಗಳಲ್ಲಿ ಲುವಾ ಮೊದಲಲ್ಲಿ ನಿಂತು, ಬಟ್ಟೆ ಜೋತುಬಿದ್ದರೆ ಕಣ್ಣು ಕೆಕ್ಕರಿಸುತ್ತಿದ್ದಳು.

ಅವರ ಹಿಂದೆ ಕ್ವಾಂಗ್. ತಾಯಿ ಸತ್ತರೆ ಮಗ ಪೆಟ್ಟಿಗೆಗೆ ಮುಖ ಮಾಡಿ ಹಿಂದಕ್ಕೆ ಹೆಜ್ಜೆ ಇಡುತ್ತಾ ನಡೆಯಬೇಕು. ಕೋಲೂರಿಕೊಂಡು, ಅಮ್ಮನನ್ನೇ ನೋಡುತ್ತಾ, ಎಡವುತ್ತಾ ಬರುತ್ತಿದ್ದ. ಪೆಟ್ಟಿಗೆಯ ಬಂಡಿಯ ಪಕ್ಕದಲ್ಲಿ ಅವನ ತಂಗಿ ಸೆನ್. ದಕ್ಷಿಣದಲ್ಲಿ ಸಂಸಾರ, ಬೆಳಿಗ್ಗೆಯಷ್ಟೇ ಬಂದಿದ್ದಳು. ಇನ್ನೂ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ.

ತುತ್ತೂರಿ, ಡೋಲು, ಮೈಕು. ಪಕ್ಕದವರ ಮಾತು ಪಕ್ಕದವರಿಗೆ ಕೇಳುತ್ತಿರಲಿಲ್ಲ. ಮಿಯೆನ್ ಬಟ್ಟೆಯ ಕೆಳಗಿನಿಂದ ಎದುರು ಸಾಲಿನ ದಾವ್‌ಳನ್ನು ನೋಡಿದಳು. ಎಷ್ಟೋ ವರ್ಷಗಳ ಮೇಲೆ ತುಟಿ ತಾನಾಗಿ ತೆರೆಯಿತು.

*ಬಸ್ಸು ನಿಲ್ಲಿಸಬೇಡ ಅಂದ್ಳು ಕಣೇ. ಗಾಜಿನಾಚೆಯಿಂದ.*

*ನಿಜವಾ? ಇಲ್ಲಾ ನಿನ್ನ ಚಪಲವಾ?*

*ಅದೇ ಗೊತ್ತಾಗ್ತಿಲ್ಲ. ಕಿಟಕಿ ನಿಂಗೆ ಕೊಡು ಅಂದ್ಳು.*

*ಹಾಗಾದ್ರೆ ಸುಳ್ಳು!*

*ಇಲ್ಲಾಂದ್ರೆ ಇನ್ನೊಂದು ಟೋಪಿ ಹೋಗುತ್ತಂತೆ.*

ದಾವ್ ನಡೆಯುವುದನ್ನೇ ಮರೆತಳು. ಹಿಂದಿನವಳು ಬಂದು ಬೆನ್ನಿಗೆ ಗುದ್ದಿದಳು. ದಾವ್‌ಳ ಮುಖ ಮೊದಲು ಕೆಂಪಾಯಿತು, ಆಮೇಲೆ ಅಳುವಿಗೂ ನಗುವಿಗೂ ನಡುವೆ ಎಲ್ಲೋ ಕಿವುಚಿಕೊಂಡಿತು.

*ಗಾಳಿಗೆ ಹಾರಲಿಲ್ಲ ಕಣೇ ಅದು* ಎಂದಿತು ಅವಳ ತುಟಿ. *ನಾನು ಅದರೊಳಗೆ ವಾಂತಿ ಮಾಡಿದ್ದೆ. ಲಾರಿ ತುಂಬ ಗಂಡಸರಿದ್ರು. ಅವಳೇ ಹೊಳೆಗೆ ಎಸೆದು, ಅಯ್ಯೋ ಗಾಳಿ ಅಂತ ಕೂಗಿದ್ಳು. ನಮ್ಮಿಬ್ಬರಿಗೆ ಬಿಟ್ರೆ ಆ ದೇವರಿಗೇ ಗೊತ್ತಿದ್ದಿದ್ದು.*

ನಲವತ್ತು ವರ್ಷದ ಗಾಳಿ ಒಮ್ಮೆಲೇ ನಿಂತಂತಾಯಿತು ಮಿಯೆನ್‌ಗೆ. ಹೊಸ ಟೋಪಿ, ಮೊದಲ ಸಂಬಳದ್ದು. ಅದರ ಕತೆಯನ್ನು ಅಷ್ಟು ಸಲ, ಅಷ್ಟು ಜೋರಾಗಿ ಹೇಳಿದ್ದೆಲ್ಲ ಇದಕ್ಕಾ? ಕಣ್ಣು ಸರಿಯಾಗಿಯೇ ನೋಡಿತ್ತು.

ಮೆರವಣಿಗೆ ಹಳೇ ಮಿಲ್ಲಿನ ಗೋಡೆಯ ಹತ್ತಿರ ತಿರುಗಿತು. ತಿರುವಿನಲ್ಲಿ ಮಿಯೆನ್ ಹಿಂದಕ್ಕೆ ನೋಡಿದಳು. ಬಂಡಿಯ ಮೇಲೆ ಕೈಯಿಟ್ಟು ಬರುತ್ತಿದ್ದ ಸೆನ್ ನೇರವಾಗಿ ಇವರ ಮುಖಗಳನ್ನೇ ನೋಡುತ್ತಿದ್ದಳು. ಮಿಯೆನ್‌ಗೆ ಆಗ ನೆನಪಾಯಿತು. ಈ ಹುಡುಗಿ ಬೆಳೆದದ್ದೇ ಮಿಲ್ಲಿನ ಶಿಶುವಿಹಾರದಲ್ಲಿ. ಕಿಟಕಿಯ ಸರಳು ಹಿಡಿದು ನಿಂತು, ಮಗ್ಗದ ಮುಂದಿನ ಅಮ್ಮನ ಜೊತೆ ದಿನವಿಡೀ ಏನೇನೋ ಹರಟುತ್ತಿತ್ತು.

ಸೆನ್‌ಳ ತುಟಿ ಅಲುಗಿತು. ತಡವರಿಸುತ್ತಾ, ಮರೆತ ಭಾಷೆಯನ್ನು ಹುಡುಕಿದಂತೆ.

*ಮೂರನೇ ದಿನ ಅಣ್ಣನ ಪಕ್ಕ ನಾನು ನಿಲ್ತೀನಿ. ಅವನಿಗೆ ನಾನು ಹೇಳ್ತೀನಿ. ನೀವು ಹೋಗಿ.* ಮೂಗು ಒರೆಸಿಕೊಂಡಳು. *ಟೋಪಿ ಒಂದು ಹೆಚ್ಚಿಗೆ ತಗೊಂಡ್ಹೋಗಿ.*

ಕ್ವಾಂಗ್‌ಗೆ ಇದೇನೂ ಕಾಣಲಿಲ್ಲ. ಅವನು ಅಮ್ಮನನ್ನೇ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದ.

ಮಾತು ಬಟ್ಟೆಯ ಕೆಳಗೆ ಲಾಳಿಯಂತೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡಿತು. ಗುರುವಾರ. ಬೆಳಿಗ್ಗೆ ಐದು ಗಂಟೆ. ಹೊಳೆ ಸೇತುವೆ ಹತ್ರ. ಸ್ವೆಟರ್ ಮರೀಬೇಡಿ. ಅವಳ ಶಾಲು ಯಾರ ಹತ್ರ ಇದೆ? ಮಂಡಿ ಎಣ್ಣೆ ಎರಡು ಬಾಟಲಿ ಸಾಕಾ? ಸಾಲಲ್ಲ, ಮೂರು ಅಂದಿದ್ಳು.

ರಸ್ತೆ ಬದಿಯಲ್ಲಿ ಅಕ್ಕಿ ಗಂಜಿ ಮಾರುತ್ತಿದ್ದ ಹೆಂಗಸು ಸೌಟು ಕೆಳಗಿಟ್ಟು ಎದ್ದು ನಿಂತಳು. "ನೋಡು" ಎಂದಳು ತನ್ನ ಸೊಸೆಯ ಕಿವಿಗೆ ಬಾಯಿಟ್ಟು, "ಈ ವಯಸ್ಸಲ್ಲೂ ಎಷ್ಟು ಭಕ್ತಿ. ಒಬ್ಬರದಾದ್ರೂ ತುಟಿ ನಿಲ್ತಿದೆಯಾ?" ಇಬ್ಬರೂ ಕೈ ಮುಗಿದರು.

ಹೊಳೆಯ ಕಡೆಯಿಂದ ಗಾಳಿ ಬಂತು. ಹಳದಿ ಬಟ್ಟೆ ಉಬ್ಬಿ ಮೇಲಕ್ಕೆದ್ದಿತು. ಹದಿನಾರು ಕೈಗಳು ಒಟ್ಟಿಗೆ ಎಳೆದು ಬಿಗಿ ಮಾಡಿದವು.