ಕೆರೆಯ ಉಸಿರಿಗೆ ಹಚ್ಚಿದ ಬೀಡಿ

"ಇಳಿಸ್ರಿ ಕೆಳಗ!" ಎಂದು ಮುತ್ತವ್ವ ಚಟ್ಟಕ್ಕೆ ಅಡ್ಡ ನಿಂತುಬಿಟ್ಟಳು. ಗರಗದ ಕೆರೆಯ ಏರಿಯ ಮೇಲೆ ಹಲಗಿಯ ಸದ್ದು ಗಪ್ಪನೆ ನಿಂತಿತು. ಗಂಡ ಹುಲಗಪ್ಪನಿಗೆ ತೋಡಿದ ಕುಣಿ ಇನ್ನೂ ಒಂದು ಕೂಗಿನಷ್ಟು ದೂರವಿತ್ತು.

ಹೆಗಲು ಕೊಟ್ಟಿದ್ದ ಗೆಳೆಯ ಶಾಂತಯ್ಯ ಏದುಸಿರು ಬಿಡುತ್ತ, "ಯಾಕಬೇ ತಂಗಿ, ಏನರ ಮರತ ಬಂದಿಯೇನು?" ಎಂದ.

"ಒಂದ ಮಾತ ಕೇಳೂದೈತಿ ಯಣ್ಣಾ. ಅಂವ ಮಣ್ಣಾಗ ಹೋದಮ್ಯಾಲೆ ಕೇಳಿ ಏನ ಮಾಡ್ಲಿ?"

ಅವಳು ತಿರುಗಿದ್ದು ಸುಮೇಧಾಳ ಕಡೆಗೆ. ಕೆರೆಯ ಕೆಸರಿನಿಂದ ಗುಳ್ಳೆಯಾಗಿ ಏಳುವ ಗಾಳಿ ಅಳೆಯಲು ಧಾರವಾಡದಿಂದ ಬರುತ್ತಿದ್ದವಳು. ನೀರ ಮೇಲೆ ಡಬ್ಬಿ ಬೋರಲು ಹಾಕಿ, ಒಳಗೆ ಕೂಡಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಅವಳಿಗೆ ಕೊಡುತ್ತಿದ್ದವನು ಹುಲಗಪ್ಪ.

"ಬಾಯಾರ, ಕೆರಿ ಉಸಿರಿಗೆ ಬೆಂಕಿ ಹಚ್ಚಿ ಬೀಡಿ ಸೇದಿದ್ನಂತ. ಖರೇ ಏನ್ರಿ? ಊರೆಲ್ಲಾ ಬಂಡಲ್‌ ಹುಲಗ್ಯಾ ಅಂತಿತ್ತು. ನಾನೂ ಅಂದೇನಿ."

*

"ಮುತ್ತೀ, ಕೆಸರಾಗ ಹುಲ್ಲು ಕೊಳತು ಗಾಳಿ ಆಗತೈತಿ. ಕಡ್ಡಿ ತೋರಿಸಿದ್ರ ಭಗ್ ಅಂತೈತಿ. ಅದರಾಗ ಬೀಡಿ ಹಚ್ಚಿದ್ನಿ!" ಎಂದು ಹುಲಗಪ್ಪ ಅವತ್ತು ಕೆರೆಯಿಂದ ಬಂದವನೇ ಹೇಳಿದ್ದ.

"ಕಡ್ಡಿ ಇದ್ದಮ್ಯಾಲೆ ಬೀಡಿಗೇ ಹಚ್ಚಬೇಕಿಲ್ಲೋ? ನಡುವ ಕೆರಿ ಯಾಕ ಬೇಕಾತು?" ಎಂದು ಕಟ್ಟೆಯ ಮೇಲಿನ ಶಾಂತಯ್ಯ ಬಿದ್ದು ಬಿದ್ದು ನಕ್ಕಿದ್ದ.

ಅದರ ಹಿಂದಿನ ವಾರವಷ್ಟೇ ಹುಲಗಪ್ಪನ ಇದೇ ಬಾಯಿ, ಮೀನೊಂದು ತಲೆ ಎತ್ತಿ ತನ್ನ ಹತ್ತಿರ ಎಲಿ ಅಡಕಿ ಕೇಳಿತು ಎಂದಿತ್ತು. "ಬಾ, ತೋರಸ್ತೀನಿ" ಎಂದು ಹುಲಗಪ್ಪ ದಿನಾ ಕರೆದ. ಮುತ್ತವ್ವನಿಗೆ ರೊಟ್ಟಿ ಬಡಿದು ಮುಗಿಯಲೇ ಇಲ್ಲ.

*

ಸುಮೇಧಾ ಕಣ್ಣೊರೆಸಿಕೊಂಡು ನಕ್ಕಳು. "ಬರ್ರಿ ಅವ್ವಾರ. ನೀವ ನೋಡ್ರಿ."

ಚಟ್ಟವನ್ನು ಏರಿಯ ಮೇಲಿಳಿಸಿದರು. ಇಬ್ಬರೂ ಮೊಣಕಾಲುದ್ದ ನೀರಿಗಿಳಿದರು, ಹಿಂದೆಯೇ ಶಾಂತಯ್ಯನೂ ಇಳಿದ. ಸುಮೇಧಾ ದಂಡೆಯಲ್ಲಿ ಹುಲಗಪ್ಪ ಇಟ್ಟಿದ್ದ ತಳ ಕತ್ತರಿಸಿದ ಬಾಟಲಿಯನ್ನು ನೀರಲ್ಲಿ ಮುಳುಗಿಸಿ ಮುಚ್ಚಳ ಬಿಗಿದಳು. ಚಟ್ಟ ಕಟ್ಟಿ ಉಳಿದು, ಜೊತೆಗೆ ತಂದಿದ್ದ ಬಿದಿರಿನಿಂದ ಮುತ್ತವ್ವ ಕೆಸರು ಕುಕ್ಕಿದಳು. ಬುಳುಬುಳು ಗುಳ್ಳೆ ಎದ್ದು ಬಾಟಲಿಯೊಳಗೆ ಕೂಡಿದವು.

"ಈಗ ಕಡ್ಡಿ ಗೀರ್ರಿ ಕಾಕಾ."

ಮುಚ್ಚಳ ತೆಗೆದು ಬಾಟಲಿ ಕೆಳಗೊತ್ತಿದ್ದೇ, ಶಾಂತಯ್ಯ ಹಿಡಿದ ಕಡ್ಡಿಗೆ ಬಾಟಲಿಯ ಬಾಯಲ್ಲಿ ನೀಲಿ ಉರಿ ಭಗ್ಗೆಂದು ಎದ್ದಿತು.

"ಎಲಾ ಮಗನ! ಖರೇನ ಹೇಳಿದ್ನಲ್ಲೋ!" ಶಾಂತಯ್ಯ ಕಿವಿಗೆ ಸಿಕ್ಕಿಸಿದ್ದ ಬೀಡಿ ತೆಗೆದು, ಏರಿಗೆ ಹತ್ತಿ, ಗೆಳೆಯನ ಎದೆಯ ಮೇಲಿಟ್ಟ.

"ಹಂಗಾದ್ರ ಆ ಮೀನಾ?" ಎಂದ ಹಲಗಿಯವ.

ಯಾರೂ ನಗಲಿಲ್ಲ.

ಚಟ್ಟ ಎದ್ದಿತು, ಹಲಗಿ ಮುಂದೆ ನಡೆಯಿತು. ಮುತ್ತವ್ವ ಮಾತ್ರ ಹಿಂದುಳಿದಳು. ಗಂಡನ ಕೈಗಿಡಲು ತಂದಿದ್ದ ಎಲೆ ಅಡಿಕೆಯಲ್ಲಿ ಒಂದು ಜೋಡು ತೆಗೆದು, ಮೆಲ್ಲಗೆ ನೀರ ಮೇಲೆ ಬಿಟ್ಟು, ಬಗ್ಗಿ ನೋಡುತ್ತ ನಿಂತಳು.